ಪ್ರಾಕ್ಸ್‌ಮಾಕ್ಸ್ ಕನ್ಸೋಲ್: ಕೊಡಗಿನ ಮಳೆಗಾಲದ ಬಳಕೆಯಲ್ಲಿ ಕಂಡದ್ದು

ಗೋಣಿಕೊಪ್ಪದಲ್ಲಿ ಕುಳಿತು ಮಡಿಕೇರಿಯ ಕಾಫಿ ವ್ಯಾಪಾರದ ಕಚೇರಿಯೊಂದರ ವರ್ಚುವಲ್ ಯಂತ್ರಗಳನ್ನು (ಸರ್ವರ್‌ನೊಳಗೆ ತಂತ್ರಾಂಶದಿಂದ ನಡೆಯುವ ಗಣಕಗಳನ್ನು) ನೋಡಿಕೊಳ್ಳುವ ನನಗೆ, ಅವುಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ವಿಇ ತಂತ್ರಾಂಶದ ಕನ್ಸೋಲ್, ಅಂದರೆ ಯಂತ್ರದ ಪರದೆಯನ್ನೇ ದೂರದಿಂದ ತೋರಿಸುವ ಸೌಲಭ್ಯ, ಬಹಳ ಮುಖ್ಯ. ಯಂತ್ರದ ನೆಟ್‌ವರ್ಕ್ ಕೆಟ್ಟು ಎಸ್‌ಎಸ್‌ಎಚ್ (ದೂರದಿಂದ ಆದೇಶ ನೀಡುವ ಸಂಪರ್ಕ) ಸಿಗದಾಗಲೂ ಒಳಹೊಗಲು ಉಳಿಯುವ ದಾರಿ ಅದು.

ವಿಪಿಎನ್ ಎಂಬ ಖಾಸಗಿ ಸಂಪರ್ಕದ ಮೂಲಕ, ನಿರ್ವಹಣಾ ಪುಟವಿರುವ 8006ನೇ ಪೋರ್ಟ್‌ಗೆ ನೇರವಾಗಿ ಹೋದಾಗ, ಬ್ರೌಸರ್‌ನಲ್ಲೇ ತೆರೆಯುವ ನೋವಿಎನ್‌ಸಿ ಕನ್ಸೋಲ್‌ನ ಪರದೆ ಸ್ಥಿರವಾಗಿರುತ್ತದೆ. ನಡುವೆ ಎಂಜಿನ್‌ಎಕ್ಸ್ ಪ್ರಾಕ್ಸಿ (ಬ್ರೌಸರ್‌ನ ಕೋರಿಕೆಗಳನ್ನು ಸರ್ವರ್‌ಗೆ ದಾಟಿಸುವ ತಂತ್ರಾಂಶ) ಇದ್ದರೆ ಎಚ್ಚರ ಬೇಕು: ಕನ್ಸೋಲ್ ಬಳಸುವ ನಿರಂತರ ಸಂಪರ್ಕವಾದ ವೆಬ್‌ಸಾಕೆಟ್‌ಗೆ ಬೇಕಾದ ಅಪ್‌ಗ್ರೇಡ್ ಹೆಡರ್‌ಗಳನ್ನು ಅದು ಮುಂದಕ್ಕೆ ಕಳುಹಿಸದಿದ್ದರೆ ನಿರ್ವಹಣಾ ಪುಟ ಸರಿಯಾಗಿ ಕಂಡರೂ ಕನ್ಸೋಲ್ ತೆರೆಯುವುದಿಲ್ಲ; ತೆರೆದರೂ, ಉತ್ತರಕ್ಕೆ ಕಾಯುವ ಕಾಲಮಿತಿ ಡಿಫಾಲ್ಟ್ ಆಗಿ 60 ಸೆಕೆಂಡ್ ಮಾತ್ರ ಇರುವುದರಿಂದ, ಪರದೆ ಅಲುಗಾಡದ ಹೊತ್ತಿನಲ್ಲಿ ಸಂಪರ್ಕ ಕಡಿಯಬಹುದು. ಇದನ್ನು ಇಂಟರ್‌ನೆಟ್ ದೋಷವೆಂದು ಭಾವಿಸಿ ಲೈನ್‌ಮನ್‌ಗೆ ಕರೆ ಮಾಡಿ ಪ್ರಯೋಜನವಿಲ್ಲ.

ಜುಲೈ ಮಳೆಗೆ ಸಂಪರ್ಕ ನಿಜವಾಗಿಯೇ ಕುಂಟುವಾಗ, ಚಿತ್ರ ಕಳುಹಿಸುವ ನೋವಿಎನ್‌ಸಿಗಿಂತ ಅಕ್ಷರಗಳನ್ನಷ್ಟೇ ಸಾಗಿಸುವ ಸೀರಿಯಲ್ ಕನ್ಸೋಲ್ ಎಷ್ಟೋ ಮೇಲು. ಅದಕ್ಕಾಗಿ ಯಂತ್ರಕ್ಕೆ ಸೀರಿಯಲ್ ಪೋರ್ಟ್ ಸೇರಿಸಿ, ಒಳಗಿನ ಲಿನಕ್ಸ್‌ನ ಕರ್ನಲ್ ಆಯ್ಕೆಗಳಲ್ಲಿ ಟಿಟಿವೈಎಸ್0 (ಲಿನಕ್ಸ್‌ನಲ್ಲಿ ಮೊದಲ ಸೀರಿಯಲ್ ಪೋರ್ಟ್‌ನ ಹೆಸರು) ಅನ್ನು ಕನ್ಸೋಲ್ ಎಂದು ನಮೂದಿಸಬೇಕು. ಯಂತ್ರ ಚೆನ್ನಾಗಿರುವಾಗಲೇ ಇದನ್ನು ಮಾಡಿಡುವುದು ಅತ್ಯಗತ್ಯ. ಮತ್ತೊಂದು ಬಗೆಯ ಕನ್ಸೋಲ್ ಆದ ಸ್ಪೈಸ್‌ಗೆ 3128ನೇ ಪೋರ್ಟ್ ಕೂಡ ತೆರೆದಿರಬೇಕಾದುದರಿಂದ, ಬಿಗಿಯಾದ ಫೈರ್‌ವಾಲ್ ಇರುವ ಕಚೇರಿಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ.