ಉಯಿಲು ಮೊದಲೋ, ಪದ್ಯ ಮೊದಲೋ?

ಶೇಕ್ಸ್‌ಪಿಯರ್‌ನ ಹೆಂಡತಿ ಆನ್ ತಾನೇ ಮಾತಾಡುವಂತೆ ಬ್ರಿಟಿಷ್ ಕವಯಿತ್ರಿ ಕ್ಯಾರಲ್ ಆನ್ ಡಫಿ ಬರೆದ ‘ಆನ್ ಹ್ಯಾಥವೇ’ ಪದ್ಯವನ್ನು ಎರಡು ರೀತಿ ಪಾಠ ಮಾಡಬಹುದು. ತೀರ್ಥಹಳ್ಳಿಯ ಮಳೆಗಾಲದಲ್ಲಿ ಎರಡನ್ನೂ ಮಾಡಿ ನೋಡಿದ್ದೇನೆ.

ಇತಿಹಾಸದಿಂದ ಶುರು ಮಾಡುವುದು ಸುಲಭ. 1582ರಲ್ಲಿ ಮದುವೆ. ಶೇಕ್ಸ್‌ಪಿಯರ್‌ಗೆ 18, ಆನ್‌ಗೆ 26. 1616ರ ಉಯಿಲಿನಲ್ಲಿ ಹೆಂಡತಿಗೆ ಬರೆದದ್ದು ‘ಎರಡನೇ ಒಳ್ಳೆಯ ಮಂಚ’. ಅದೂ ಸಾಲುಗಳ ನಡುವೆ ತುರುಕಿದ ಮಾತು. ಮಕ್ಕಳು ಕಿವಿ ನಿಮಿರಿಸುತ್ತಾರೆ, ನಿಜ. ಆದರೆ ‘ಪಾಪ ಅವಳು’ ಅನ್ನೋದರಲ್ಲೇ ನನ್ನ ಪಿರಿಯಡ್ ಮುಗಿದುಹೋಯಿತು.

ಮರುವರ್ಷ ಪದ್ಯದಿಂದಲೇ ಶುರು ಮಾಡಿದೆ. ಉಯಿಲಿನ ಸಾಲು ಪದ್ಯದ ತಲೆಯ ಮೇಲೇ ಅಚ್ಚಾಗಿದೆ. ಅದನ್ನು ಮುಚ್ಚಿ ಜೆರಾಕ್ಸ್ ಮಾಡಿಸಿದೆ. ಹೆಂಚಿನ ಮೇಲಿನ ಮಳೆ ಸದ್ದಿಗೆ ಹದಿನಾಲ್ಕು ಸಾಲನ್ನು ಎರಡೆರಡು ಸಲ ಕೂಗಿ ಓದಬೇಕಾಯಿತು. ಇಲ್ಲಿ ಮಂಚವೇ ಕಾಡು, ಕೋಟೆ, ಕಡಲು. ಅವಳ ಮೈ ಅವನ ಮಾತಿಗೆ ಪ್ರಾಸ, ಅವನ ಸ್ಪರ್ಶ ಕ್ರಿಯಾಪದ. ವ್ಯಾಕರಣದಲ್ಲೇ ಸರಸ! ಇನ್ನೊಂದು ಮಂಚದಲ್ಲಿ, ಮನೆಯ ಒಳ್ಳೆ ಮಂಚದಲ್ಲಿ, ನೆಂಟರು ಗದ್ಯದ ಜೊಲ್ಲು ಸುರಿಸುತ್ತಾ ತೂಕಡಿಸುತ್ತಾರೆ. ಆಮೇಲೆ ಉಯಿಲು ತೋರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬಳು, “ನಮ್ಮನೇಲೂ ಒಳ್ಳೆ ಮಂಚ, ಹೊಸ ಕಂಬಳಿ ನೆಂಟರಿಗೇ ಅಲ್ವಾ ಸಾರ್?” ಅಂದಳು. ಒಳ್ಳೆ ಮಂಚ ನೆಂಟರಿಗೆ, ಎರಡನೆಯದು ಗಂಡ-ಹೆಂಡತಿಗೆ. ನಾನು ವಿವರಿಸಬೇಕೆಂದಿದ್ದು ಅಷ್ಟೇ.

ಒಂದೇ ಪಿರಿಯಡ್ ಇದ್ದು ಪರೀಕ್ಷೆ ಹತ್ತಿರವಿದ್ದರೆ ಇತಿಹಾಸ ಸಾಕು. ಎರಡು ಸಿಕ್ಕರೆ ಪದ್ಯದಿಂದಲೇ ಶುರು ಮಾಡಿ. ಆದರೆ ಇದು ಡಫಿಯ ಕಲ್ಪನೆ, ಆ ದಂಪತಿಯ ಪ್ರೀತಿಗೆ ದಾಖಲೆಯಲ್ಲ ಅಂತ ಹೇಳಲು ಮರೀಬೇಡಿ. ಉತ್ತರ ಪತ್ರಿಕೆಯಲ್ಲಿ ಅದೇ ಎಡವಟ್ಟು ಜಾಸ್ತಿ.