ಇಪ್ಪತ್ತು ಮಳೆಗಾಲ ಕಂಡ ನಮ್ಮನೆಯ ಮೂರು ಪಿಎಸ್2

ಹಳೇ ಪಿಎಸ್2, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 2 ವಿಡಿಯೋ ಗೇಮ್ ಪೆಟ್ಟಿಗೆ ತಗೊಳ್ಳಬೇಕು, ದಪ್ಪದ್ದು ಒಳ್ಳೆಯದಾ ತೆಳುವಿನದ್ದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನಿಮ್ಮಲ್ಲಿ ಸಿಡಿಲು ಜಾಸ್ತಿಯಾ? ತಮಾಷೆ ಅಲ್ಲ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದಲ್ಲಿ, ಸುತ್ತ ಅಡಿಕೆ ತೋಟ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಕ್ಟೋಬರ್-ನವೆಂಬರಿನ ತುಲಾ ತಿಂಗಳು ಬಂದರೆ ದಿನಾ ಸಂಜೆ ಗುಡುಗು. ಇಂಥ ಜಾಗದಲ್ಲಿ 2004ರಿಂದ ಮೂರು ಪಿಎಸ್2 ಸಾಕಿದ್ದೇನೆ. ದಪ್ಪದ್ದು ಒಂದು, ತೆಳುವಿನದ್ದು ಎರಡು. ಮೂರರ ಹಣೆಬರಹವೂ ಬೇರೆ ಬೇರೆ.

ಪಿಎಸ್2 ಅಂದರೆ ಒಂದೇ ಯಂತ್ರ ಅಲ್ಲ, ಅದು ತುಂಬಾ ಜನರಿಗೆ ಗೊತ್ತಿಲ್ಲ. 2000ದ ಮಾರ್ಚ್ 4ಕ್ಕೆ ಜಪಾನಿನಲ್ಲಿ ಮೊದಲು ಬಂತು. 2013ರ ಶುರುವಿನ ಹೊತ್ತಿಗೆ ಸೋನಿ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಿ 15.5 ಕೋಟಿಗಿಂತ ಹೆಚ್ಚು ಪೆಟ್ಟಿಗೆಗಳು ಮಾರಾಟ ಆಗಿದ್ದವು. ಈ ಹದಿಮೂರು ವರ್ಷದಲ್ಲಿ ಒಳಗಿನ ಬೋರ್ಡು, ಚಿಪ್ಪು, ಫ್ಯಾನು ಎಷ್ಟೋ ಸಲ ಬದಲಾದವು, ಆದರೆ ಹೆಸರು ಮಾತ್ರ ಅದೇ. ವ್ಯತ್ಯಾಸ ಗೊತ್ತಾಗಬೇಕಾದರೆ ಪೆಟ್ಟಿಗೆಯನ್ನು ತಿರುಗಿಸಿ ಎಸ್‌ಸಿಪಿಎಚ್ ಅಂತ ಶುರುವಾಗುವ ನಂಬರ್ ಓದಬೇಕು. 30000, 50000, 70000, 77000, 90000 ಹೀಗೆ. ಕೊನೆಯ ಅಂಕೆ ಯಾವ ದೇಶದ್ದು ಅಂತ ಹೇಳುತ್ತದೆ. 0 ಅಂದರೆ ಜಪಾನ್, 1 ಅಮೆರಿಕ, 4 ಯುರೋಪ್. ಇದು ಸುಮ್ನೆ ಅಲ್ಲ. ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ಪ್ರೀತಿಯಿಂದ ನಾಲ್ಕು ಡಿಸ್ಕ್ ತಂದುಕೊಟ್ಟಿದ್ದರು, ಒಂದೂ ನಮ್ಮ ಪೆಟ್ಟಿಗೆಯಲ್ಲಿ ಓಡಲಿಲ್ಲ. ಅಲ್ಲಿಯ ಡಿಸ್ಕ್ ಅಲ್ಲಿಯ ಪೆಟ್ಟಿಗೆಗೆ ಮಾತ್ರ. ಅವರ ಎದುರು ಹೇಳಲಿಕ್ಕೂ ಆಗದೆ, ತುಂಬಾ ಚೆಂದ ಉಂಟು ಅಂತ ಹೇಳಿ ಒಳಗಿಟ್ಟೆ. ಈಗಲೂ ಹಾಗೆಯೇ ಉಂಟು.

ಮೊದಲನೆಯದು ಬಂದದ್ದು 2004ರ ಬೇಸಿಗೆ ರಜೆಗೆ. ಶಾರ್ಜಾದಲ್ಲಿದ್ದ ದೊಡ್ಡಮ್ಮನ ಮಗ ಅಣ್ಣ, ಎಲ್ಲರಿಗೂ ಸೋಪು, ಬಾಮು, ಟಾರ್ಚು ತಂದ ಹಾಗೆ ನನಗೆ ಇದನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. 50004 ನಂಬರಿನ ದಪ್ಪ ಪೆಟ್ಟಿಗೆ. 30 ಸೆಂಟಿಮೀಟರ್ ಅಗಲ, ಸುಮಾರು 8 ಸೆಂಟಿಮೀಟರ್ ಎತ್ತರ. ಅಮ್ಮ ಅದನ್ನು ಡಿವಿಡಿ ಪ್ಲೇಯರ್ ಅಂತಲೇ ತಿಳಿದಿದ್ದರು. ತಪ್ಪಲ್ಲ, ಅದರಲ್ಲಿ ಡಿವಿಡಿ ಓಡುತ್ತಿತ್ತು, ನಮ್ಮ ಮನೆಯ ಮೊದಲ ಡಿವಿಡಿ ಪ್ಲೇಯರ್ ಅದೇ. ಆಟಕ್ಕಿಂತ ಸಿನಿಮಾ ಓಡಿದ್ದೇ ಜಾಸ್ತಿ ಅಂತ ಹೇಳಬಹುದು. 50000 ಸರಣಿಯಲ್ಲಿ ಡಿವಿಡಿ ರಿಮೋಟಿಗೆ ಬೇಕಾದ ಕಣ್ಣು ಪೆಟ್ಟಿಗೆಯಲ್ಲೇ ಇರುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಬೇರೆ ಸಿಕ್ಕಿಸಬೇಕಿತ್ತು. ಹಳೆಯದರಲ್ಲಿದ್ದ, ಬೇರೆ ಯಂತ್ರಕ್ಕೆ ಕೇಬಲ್ ಸಿಕ್ಕಿಸುವ ಐ ಲಿಂಕ್ ಅನ್ನುವ ತೂತನ್ನು ಇದರಲ್ಲಿ ತೆಗೆದುಹಾಕಿದರು. ಯಾರಿಗೂ ಬೇಕಾಗಿರಲಿಲ್ಲ ಅಂತ ಕಾಣುತ್ತದೆ, ನನಗಂತೂ ಅಲ್ಲ. ಫ್ಯಾನಿನ ಸದ್ದೂ ಕಡಿಮೆ ಮಾಡಿದರು. ಗೆಳೆಯನ ಮನೆಯಲ್ಲಿ 30000 ಸರಣಿಯದ್ದು ಇತ್ತು, ಅದು ಹಾಕಿದರೆ ಚಾವಡಿಯಲ್ಲಿ ಟೇಬಲ್ ಫ್ಯಾನ್ ತಿರುಗಿದ ಹಾಗೆ.

ಈ ದಪ್ಪ ಪೆಟ್ಟಿಗೆಯಲ್ಲಿ ನನಗೆ ಇವತ್ತಿಗೂ ಇಷ್ಟವಾದ ಎರಡು ವಿಷಯ ಉಂಟು. ಒಂದು, ಮುಂದಿನ ಟ್ರೇ ಮೇಲಿರುವ ಪಿಎಸ್ ಗುರುತನ್ನು ಬೆರಳಿನಿಂದ ತಿರುಗಿಸಬಹುದು. ಪೆಟ್ಟಿಗೆ ಮಲಗಿಸಿದರೂ ನಿಲ್ಲಿಸಿದರೂ ಅಕ್ಷರ ನೆಟ್ಟಗೆ ಕಾಣಲಿ ಅಂತ ಮಾಡಿದ್ದು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ತಲೆ ಓಡಿಸಿದ್ದಾರಲ್ಲ! ಇನ್ನೊಂದು, ಹಿಂದುಗಡೆ ಒಂದು ನಿಜವಾದ ಸ್ವಿಚ್ಚು. ಹಿಂದೆ ಒಂದು ದೊಡ್ಡ ಖಾಲಿ ಗೂಡೂ ಉಂಟು, ಅಲ್ಲಿ ನೆಟ್‌ವರ್ಕ್ ಅಡಾಪ್ಟರ್ ಹಾಕಿ ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ಕೂರಿಸಬಹುದು. ಆ ಕಾಲಕ್ಕೆ ನಮ್ಮಲ್ಲಿ ಮಳೆ ಬಂದರೆ ಫೋನ್ ಲೈನೇ ಸತ್ತಿರುತ್ತಿತ್ತು, ನೆಟ್‌ವರ್ಕಿನ ಮಾತು ಎಲ್ಲಿಂದ ಬಂತು. ಆ ಗೂಡು ಇವತ್ತಿಗೂ ಖಾಲಿಯೇ ಉಂಟು.

ಮೂರನೇ ಮಳೆಗಾಲಕ್ಕೆ ಅದು ಡಿಸ್ಕ್ ಓದುವುದು ನಿಲ್ಲಿಸಿತು. ತಪ್ಪು ಯಂತ್ರದ್ದಲ್ಲ, ನಮ್ಮ ಹವೆಯದ್ದು, ಜೊತೆಗೆ ನನ್ನದು. ಟಿವಿ ಕೆಳಗಿನ ಗೋಡೆ ಕಪಾಟಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ ಇಟ್ಟಿದ್ದೆ. ಆ ಗೋಡೆಯೇ ಬೆವರುವ ಗೋಡೆ. ಕಾಸರಗೋಡು ಪೇಟೆಯಲ್ಲಿ ಟಿವಿ ರಿಪೇರಿ ಮಾಡುವ ಒಬ್ಬರು ಇಕ್ಕ (ಅಣ್ಣ ಅಂದ ಹಾಗೆ) ಇದ್ದಾರೆ, ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಮುಚ್ಚಳ ಬಿಚ್ಚಿ, ಲೆನ್ಸಿನ ಮೇಲೆ ಕೂತ ಮಂಜಿನಂಥ ಪದರವನ್ನು ನನಗೆ ಭೂತಗನ್ನಡಿಯಲ್ಲಿ ತೋರಿಸಿದರು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರು, ಐದು ನಿಮಿಷದ ಕೆಲಸ. "ಮಾಷ್ಟ್ರೇ, ಇದನ್ನು ಹಪ್ಪಳ ಇಟ್ಟ ಹಾಗೆ ಇಡಬೇಕು" ಅಂತ ಹೇಳಿ ಕಳಿಸಿದರು. ಅವತ್ತಿನಿಂದ ಮಳೆಗಾಲದಲ್ಲಿ ಅದನ್ನು ಅಮ್ಮನ ರೇಷ್ಮೆ ಸೀರೆಯ ಕಪಾಟಿನಲ್ಲಿ ಇಡುತ್ತೇವೆ. ಅಲ್ಲಿ ಬೂಷ್ಟು ಹಿಡಿಯದ ಹಾಗೆ ಒಂದು 15 ವಾಟಿನ ಬಲ್ಬು ಉರಿಯುತ್ತಿರುತ್ತದೆ. ಡಿಸ್ಕುಗಳು ನಿಜವಾಗಿಯೂ ಹಪ್ಪಳದ ಡಬ್ಬದಲ್ಲೇ. ಅಂದರೆ ಹಳೇ ಹಪ್ಪಳದ ಡಬ್ಬ, ತೊಳೆದದ್ದು.

ಎರಡನೆಯದು 2006ರ ಕೊನೆಗೆ, ಅದೇ ಅಣ್ಣನ ಕೈಯಲ್ಲಿ ದುಡ್ಡು ಕೊಟ್ಟು ತರಿಸಿದ್ದು. 77004. ತೆಳುವು ಅಂದರೆ ಎಷ್ಟು ತೆಳುವು, 2.8 ಸೆಂಟಿಮೀಟರ್. ಅಪ್ಪ ಕೈಯಲ್ಲಿ ಹಿಡಿದು, "ಇದರೊಳಗೆ ಎಂತದಾದರೂ ಉಂಟಾ ಮಾರಾಯ?" ಅಂತ ಕೇಳಿದ್ದರು. ತೆಳುವಿನ ಮಾದರಿ 2004ರಲ್ಲಿ 70000 ಸರಣಿಯಿಂದ ಶುರುವಾಯಿತು. ಮೊದಲು ಬೇರೆ ಬೇರೆ ಇದ್ದ ಎರಡು ದೊಡ್ಡ ಚಿಪ್ಪುಗಳನ್ನು, ಅಂದರೆ ಎಮೋಷನ್ ಎಂಜಿನ್ ಅನ್ನುವ ಪ್ರೊಸೆಸರ್ ಮತ್ತು ಚಿತ್ರ ಬಿಡಿಸುವ ಗ್ರಾಫಿಕ್ಸ್ ಸಿಂಥಸೈಜರ್ ಎರಡನ್ನೂ ಒಂದೇ ಚಿಪ್ಪಿನಲ್ಲಿ ಸೇರಿಸಿದರು. ಹಾಗಾಗಿ ಬಿಸಿ ಕಡಿಮೆ, ಸಣ್ಣ ಫ್ಯಾನ್ ಸಾಕು. ಟ್ರೇ ಹೋಯಿತು, ಮೇಲಿನ ಮುಚ್ಚಳ ಎತ್ತಿ ಡಿಸ್ಕ್ ಇಡಬೇಕು. ಹಾರ್ಡ್ ಡಿಸ್ಕಿನ ಗೂಡು ಹೋಯಿತು, ನೆಟ್‌ವರ್ಕ್ ಕೇಬಲಿನ ತೂತು ಒಳಗೇ ಬಂತು. ಆ ತೂತನ್ನು ನಾವು ಒಮ್ಮೆಯೂ ಬಳಸಲಿಲ್ಲ, ಆದರೆ ಕುಂಬಾರ ಹುಳ ಬಳಸಿತು. ಒಂದು ದಿನ ನೋಡಿದರೆ ಒಳಗೆ ಚೆಂದಕ್ಕೆ ಮಣ್ಣಿನ ಗೂಡು ಕಟ್ಟಿ ಬಾಗಿಲು ಮುಚ್ಚಿ ಹೋಗಿತ್ತು. ಈಗ ಅಲ್ಲಿ ಒಂದು ತುಂಡು ಟೇಪು ಅಂಟಿಸಿದ್ದೇನೆ. ನೀವೂ ಅಂಟಿಸಿ.

ಇದರಲ್ಲಿ ಹೊರಗೆ ಕಾಣದ ಇನ್ನೊಂದು ಬದಲಾವಣೆ ಉಂಟು. ಹಳೆಯ ಪೆಟ್ಟಿಗೆಗಳಲ್ಲಿ ಮೊದಲನೇ ಪ್ಲೇಸ್ಟೇಷನ್ನಿನ ಪ್ರೊಸೆಸರ್ ಒಳಗೇ ಕೂತಿತ್ತು. ಪಿಎಸ್2 ಆಟ ಆಡುವಾಗ ಅದು ಕಂಟ್ರೋಲರ್, ಡಿಸ್ಕು ಎಲ್ಲ ನೋಡಿಕೊಳ್ಳುತ್ತಿತ್ತು, ಹಳೇ ಆಟ ಹಾಕಿದರೆ ಅದೇ ಆಡಿಸುತ್ತಿತ್ತು. 75000 ಸರಣಿಯಿಂದ ಅದನ್ನು ತೆಗೆದು, ಅದರ ಹಾಗೆ ನಟಿಸುವ ಬೇರೆ ಚಿಪ್ಪು ಹಾಕಿದರು. ನಟನೆ ಬಹುಪಾಲು ಸರಿಯಾಗಿಯೇ ಉಂಟು. ಕೆಲವು ಆಟಗಳಿಗೆ ಮಾತ್ರ ಹೊಂದುವುದಿಲ್ಲ. ಹಾಗಾಗಿ ಮೊದಲನೇ ಪ್ಲೇಸ್ಟೇಷನ್ನಿನ ಡಿಸ್ಕುಗಳು ನಿಮ್ಮಲ್ಲಿ ರಾಶಿ ಇದ್ದರೆ ದಪ್ಪದ್ದೇ ತಗೊಳ್ಳಿ, ಯೋಚನೆ ಮಾಡಬೇಡಿ. ನನ್ನಲ್ಲಿ ಇದ್ದದ್ದೇ ಆರು, ಆರೂ ಎರಡರಲ್ಲೂ ಓಡಿದವು.

ಇನ್ನು ಅಡಾಪ್ಟರ್. ತೆಳುವು ಮಾಡುವ ಭರದಲ್ಲಿ ಕರೆಂಟಿನ ಭಾಗವನ್ನು ಹೊರಗೆ ಹಾಕಿ, ವಯರಿನ ಮಧ್ಯೆ ಒಂದು ಕರಿ ಇಟ್ಟಿಗೆ ಮಾಡಿದ್ದಾರೆ. ಮೊದಮೊದಲು ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಾಲಿಗೆ ಸಿಕ್ಕುತ್ತದೆ, ಬಿಸಿಯಾಗುತ್ತದೆ. 2004ರಲ್ಲಿ ತಯಾರಾದ ಒಂದಷ್ಟು ಅಡಾಪ್ಟರುಗಳು ಬಿಸಿಯಾಗುತ್ತವೆ ಅಂತ ಮರುವರ್ಷ ಸೋನಿಯವರೇ ಬದಲಿಸಿ ಕೊಟ್ಟದ್ದೂ ಉಂಟು, ನನ್ನದು ಆಮೇಲಿನದ್ದು. ಆದರೆ 2011ರ ತುಲಾ ತಿಂಗಳಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ಸಂಜೆ ಶಾಲೆಯಿಂದ ಬರುವಾಗ ಕುಂಬಳೆ ರಸ್ತೆಯಲ್ಲೇ ಗುಡುಗು ಶುರುವಾಗಿತ್ತು, ಮನೆಯಲ್ಲಿ ಯಾರೂ ಪ್ಲಗ್ ಕಿತ್ತಿರಲಿಲ್ಲ, ಅಂಗಳದ ತೆಂಗಿಗೆ ಸಿಡಿಲು ಹೊಡೆಯಿತು. ಟಿವಿ ಹೋಯಿತು, ಫೋನ್ ಹೋಯಿತು, ಪಂಪಿನ ಸ್ಟಾರ್ಟರ್ ಹೋಯಿತು. ಪಿಎಸ್2ರ ಇಟ್ಟಿಗೆಯಿಂದ ಸುಟ್ಟ ವಾಸನೆ. ಪೆಟ್ಟಿಗೆಯೂ ಸತ್ತಿತು ಅಂತಲೇ ತಿಳಿದಿದ್ದೆ.

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ 12 ವೋಲ್ಟಿನ ಅಡಾಪ್ಟರ್ ಕೈಗಿಟ್ಟು, ಎಲ್ಲದಕ್ಕೂ ನಡೀತದೆ ಅಂದರು. ಪುಣ್ಯಕ್ಕೆ ಮನೆಗೆ ಹೋಗುವ ಮೊದಲು ಇಕ್ಕನ ಹತ್ತಿರ ನುಗ್ಗಿದೆ. ಅವರು ಸುಟ್ಟ ಇಟ್ಟಿಗೆಯನ್ನು ತಿರುಗಿಸಿ ಚೀಟಿ ಓದಿದರು. "ಇದಕ್ಕೆ ಬೇಕಾದ್ದು ಎಂಟೂವರೆ ವೋಲ್ಟು ಮಾಷ್ಟ್ರೇ. ಹನ್ನೆರಡು ಕೊಟ್ಟರೆ ಒಳಗೆ ಬೆಂದು ಹೋಗ್ತದೆ. ಸಿಡಿಲಿಗೆ ಉಳಿದದ್ದನ್ನು ನೀವು ಕೊಲ್ಲುವುದಾ?" ಸರಿಯಾದದ್ದು ಸಿಗಲಿಕ್ಕೆ ಎರಡು ತಿಂಗಳು ಬೇಕಾಯಿತು, ಮಂಗಳೂರಿನಿಂದ ಬಂತು. ಹಾಕಿದೆ. ಕೆಂಪು ದೀಪ ಬಂತು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ, ಇಟ್ಟಿಗೆ ತಾನು ಸತ್ತು ಅದನ್ನು ಉಳಿಸಿತ್ತು.

ಮೂರನೆಯದು 90004, 2010ರಲ್ಲಿ ಮಂಗಳೂರಿನಲ್ಲಿ ತಗೊಂಡದ್ದು. ಹಿಂದಿನ ವರ್ಷ ಹೈದರಾಬಾದಿನಲ್ಲಿ ತಯಾರಾದ ಹನುಮಾನ್ ಆಟ ಪಿಎಸ್2ಗೆ ಬಂದಿತ್ತು, ಅದನ್ನು ಹೊಸ ಪೆಟ್ಟಿಗೆಯಲ್ಲೇ ಆಡಬೇಕು ಅಂತ ತಮ್ಮನ ಹಟ. ಯಕ್ಷಗಾನದ ಹನುಮಂತನನ್ನು ನೋಡಿ ಬೆಳೆದವರಿಗೆ ಅದು ಬೇರೆಯೇ ಹನುಮಂತ, ಇರಲಿ. ಪೆಟ್ಟಿಗೆ ಮಾತ್ರ ಮೂರರಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟು. ಅಷ್ಟೇ ತೆಳುವು, ಆದರೂ ಕರೆಂಟಿನ ಬೋರ್ಡನ್ನು ಮತ್ತೆ ಒಳಗೆ ತಂದಿದ್ದಾರೆ. ಇಟ್ಟಿಗೆ ಇಲ್ಲ. ಹಳೇ ಟೇಪ್ ರೆಕಾರ್ಡರಿಗೆ ಹಾಕುವ ವಯರೇ ಸಾಕು, ಯಾವ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಗಿಗೆ ಹಾಕಿಕೊಂಡು ಅಜ್ಜನ ಮನೆಗೆ ಹೋಗಲಿಕ್ಕೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ನಮ್ಮ ಕಡೆಗೆ ಅಲ್ಲ. 2013ರಲ್ಲಿ ಮತ್ತೊಂದು ಸಿಡಿಲು. ಈ ಸಲ ದೂರದ್ದು, ಬಲ್ಬ್ ಕೂಡ ಹೋಗಲಿಲ್ಲ. ಆದರೆ ಪ್ಲಗ್ಗಿನಲ್ಲಿದ್ದದ್ದು 90004. ಹೊರಗೆ ಸಾಯಲಿಕ್ಕೆ ಇಟ್ಟಿಗೆ ಇರಲಿಲ್ಲವಲ್ಲ, ಬಂದ ಪೆಟ್ಟು ಸೀದಾ ಒಳಗಿನ ಬೋರ್ಡಿಗೆ. ಇಕ್ಕ ಬಿಚ್ಚಿ ನೋಡಿ, ಬೇರೊಂದು ಸತ್ತ ಪೆಟ್ಟಿಗೆ ಸಿಕ್ಕಿದರೆ ಅದರ ಬೋರ್ಡ್ ಹಾಕಬಹುದು ಅಂದರು. ನಾಲ್ಕು ತಿಂಗಳ ನಂತರ ಸಿಕ್ಕಿತು, ಓಡಿತು. ಆದರೂ ಅವತ್ತಿನಿಂದ ಅದನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಹೊರಗೆ ತೆಗೆಯುವುದು.

ಟಿವಿ ಬಗ್ಗೆ ಒಂದು ಮಾತು. ಹೊಸ ಚಪ್ಪಟೆ ಟಿವಿಗೆ ಹಳದಿ ಕೆಂಪು ಬಿಳಿ ವಯರಿನಲ್ಲಿ ಹಾಕಿದರೆ ಚಿತ್ರ ಕಲಸಿದ ಹಾಗೆ ಕಾಣುತ್ತದೆ. ಪೆಟ್ಟಿಗೆ ಹಾಳಾಗಿದೆ ಅಂತ ತಿಳಿಯಬೇಡಿ. ಐದು ಪಿನ್ನಿನ ಕಾಂಪೊನೆಂಟ್ ಕೇಬಲ್ ಹಾಕಿ ನೋಡಿ, ಗೆರೆ ಗೆರೆ ಬೇರೆ ಕಾಣುತ್ತದೆ. ಮೂರೂ ಮಾದರಿಗೆ ಒಂದೇ ಕೇಬಲ್ ಆಗುತ್ತದೆ. ಸೋನಿಯವರು ಎಷ್ಟು ಸಲ ಒಳಗಿನದ್ದು ಬದಲಿಸಿದರೂ ಹಿಂದಿನ ಆ ತೂತು, ಕಂಟ್ರೋಲರಿನ ತೂತು, ಮೆಮೊರಿ ಕಾರ್ಡಿನ ಜಾಗ ಮುಟ್ಟಲಿಲ್ಲ. 2004ರ ಪೆಟ್ಟಿಗೆಯ ಕಂಟ್ರೋಲರನ್ನು ನಾನು ಇವತ್ತು 90004ಕ್ಕೆ ಸಿಕ್ಕಿಸಿ ಆಡಬಹುದು, ಆಡಿದ್ದೇನೆ. ಒಳಗಿನ ರಬ್ಬರ್ ಎರಡು ಸಲ ಬದಲಿಸಿದ್ದು ಬಿಟ್ಟರೆ ಅದು ಅದೇ. ನಡುವೆ ಅಗ್ಗಕ್ಕೆ ಅಂತ ನಕಲಿ ಕಂಟ್ರೋಲರ್ ಮೂರು ತಗೊಂಡೆ, ಮೂರೂ ಒಂದೊಂದು ವರ್ಷ ಬಾಳಲಿಲ್ಲ.

ಈಗ ಮಳೆಗಾಲದಲ್ಲಿ ಟಿವಿ ಹತ್ತಿರ ಇರುವುದು 77004. ಒಂದು ಅಡಾಪ್ಟರ್ ಹೆಚ್ಚಿಗೆ ತರಿಸಿ ಇಟ್ಟಿದ್ದೇನೆ. ಮುಚ್ಚಳ ಸ್ವಲ್ಪ ಸಡಿಲ, ಅದರ ಮೇಲೆ ಒಂದು ಪಠ್ಯಪುಸ್ತಕ ಇಟ್ಟರೆ ಡಿಸ್ಕ್ ತಿರುಗುತ್ತದೆ. ದಪ್ಪದ್ದು ಸೀರೆಯ ಜೊತೆ ಬೆಚ್ಚಗೆ ಉಂಟು. ಅದರ ಗಡಿಯಾರದ ಬಟನ್ ಸೆಲ್ ಸತ್ತು ಹಾಕಿದಾಗಲೆಲ್ಲ ತಾರೀಕು ತಪ್ಪು ತೋರಿಸುತ್ತದೆ, ಬದಲಿಸಬೇಕು ಬದಲಿಸಬೇಕು ಅಂತ ಐದು ವರ್ಷ ಆಯಿತು.

ಕಳೆದ ರಜೆಯಲ್ಲಿ ತಂಗಿಯ ಮಗ ಬಂದಿದ್ದ. ಎಂಟು ವರ್ಷ. ಎರಡು ದಿನ ಬಿಡದೆ ಆಡಿದ. ಮೂರನೇ ದಿನ ನಾನು ಕೂತು ನೋಡಿದರೆ ಮೆಮೊರಿ ಕಾರ್ಡಿನಲ್ಲಿ 2005ರಿಂದ ಇದ್ದ ನನ್ನ ಫುಟ್ಬಾಲ್ ಲೀಗ್ ಇಲ್ಲ. ಕೇಳಿದೆ. ಅವನು ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳಿದ, "ಜಾಗ ಎಲ್ಲಿತ್ತು ಮಾವ? ಎಂಟೇ ಎಂಬಿ ಅಲ್ವಾ ಇರುವುದು?"