ಚಾಟ್‌ಜಿಪಿಟಿಯ ಪೇರೆಂಟಲ್ ಕಂಟ್ರೋಲ್: ಬೇಲಿ ಇದೆ, ದಣಪೆಯೂ ಇದೆ

ನಮ್ಮನೆ ತೀರ್ಥಹಳ್ಳಿ ಹತ್ತಿರ. ಮಗಳು ಒಂಬತ್ತನೇ ಕ್ಲಾಸು. ಹೋಂವರ್ಕಿಗೆ ಚಾಟ್‌ಜಿಪಿಟಿ ಬೇಕು ಅಂತ ಹಠ. 13 ವರ್ಷ ಆಗಿರಬೇಕು, 18 ತುಂಬುವವರೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುವುದು ಕಂಪನಿಯದೇ ನಿಯಮ. 2025ರ ಸೆಪ್ಟೆಂಬರ್‌ನಲ್ಲಿ ಪೇರೆಂಟಲ್ ಕಂಟ್ರೋಲ್, ಅಂದರೆ ಮಕ್ಕಳ ಬಳಕೆಗೆ ಅಪ್ಪ ಅಮ್ಮ ಮಿತಿ ಹಾಕುವ ಸೌಲಭ್ಯ ಕೂಡ ಬಂತು.

ಸೆಟ್ಟಿಂಗ್ಸ್‌ನಿಂದ ಅವಳಿಗೆ ಇನ್ವೈಟ್ ಕಳಿಸಿದೆ. ಅವಳು ಒಪ್ಪಿದಳು, ಎರಡು ಅಕೌಂಟೂ ಜೋಡಿಯಾದವು. ಅಷ್ಟೇ ಕೆಲಸ. ತುಂಬಾ ಹಿಡಿಸಿದ್ದು ಕ್ವೈಟ್ ಅವರ್ಸ್. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್ ಮಾಡಿಟ್ಟಿದ್ದೇನೆ. ಚಿತ್ರ ಮಾಡುವುದು, ವಾಯ್ಸ್, ಮೆಮೊರಿ (ಹಿಂದಿನ ಮಾತು ನೆನಪಿಡುವುದು) ಎಲ್ಲವನ್ನೂ ಬೇರೆ ಬೇರೆಯಾಗಿ ಆಫ್ ಮಾಡಬಹುದು. ಅವಳ ಮಾತುಕತೆಯನ್ನು ಚಾಟ್‌ಜಿಪಿಟಿಯ ಟ್ರೈನಿಂಗಿಗೆ, ಅಂದರೆ ಅದಕ್ಕೆ ಕಲಿಸೋಕೆ ಬಳಸದಂತೆ ತಡೆಯುವ ಸ್ವಿಚ್ಚೂ ಇದೆ. ನಾನು ಮೊದಲು ಒತ್ತಿದ್ದೇ ಅದನ್ನು.

ಅವಳು ಏನು ಕೇಳಿದಳು ಅನ್ನುವುದು ನಮಗೆ ಕಾಣುವುದಿಲ್ಲ. ನಮ್ಮ ಯಜಮಾನರಿಗೆ ಇದು ಸರಿಬರಲಿಲ್ಲ. ನನಗಂತೂ ಸರಿಯೇ ಅನ್ನಿಸಿತು. ಆ ವಯಸ್ಸಲ್ಲಿ ನಾವು ನಮ್ಮ ಡೈರಿ ತೋರಿಸ್ತಿದ್ವಾ? ತೀರಾ ಅಪಾಯದ ಸೂಚನೆ ಕಂಡರೆ ಮಾತ್ರ ನಮಗೆ ಸಂದೇಶ ಬರಬಹುದು.

ಇನ್ನು ದಣಪೆ, ಅಂದರೆ ಬೇಲಿ ದಾಟೋ ದಾರಿಯ ವಿಷಯ. ಮಗಳು ಬೇಕೆಂದಾಗ ಲಿಂಕ್ ಕಿತ್ತುಹಾಕಬಹುದು. ನಮಗೆ ತಿಳಿಯುತ್ತದೆ, ತಡೆಯೋಕೆ ಆಗಲ್ಲ. ಲಾಗಿನ್ ಆಗದೇ ಬಳಸಿದರೆ ನನ್ನ ಸೆಟ್ಟಿಂಗ್ ಯಾವುದೂ ಲೆಕ್ಕಕ್ಕಿಲ್ಲ. ಹಾಗಾಗಿ ರಾತ್ರಿ ಮೊಬೈಲು ಜಗಲಿಯಲ್ಲೇ ಚಾರ್ಜಿಗೆ. ಈ ಕಂಟ್ರೋಲಿಗೆ ಐದಕ್ಕೆ ಮೂರೂವರೆ ಅಂಕ ಕೊಡ್ತೀನಿ.